ಹಳೆಯ ಪಂದ್ಯದ ಕಾರುಗಳು: ಟೈರು ಮತ್ತು ಸ್ಪ್ರಿಂಗುಗಳ ವಿಚಾರ

ಮೋಟಾರು ಕಾರುಗಳ ಪಂದ್ಯವೆಂದರೆ ಎಂಜಿನುಗಳ ಬಲಪರೀಕ್ಷೆಯೆಂದು ಜನರು ಸಾಮಾನ್ಯವಾಗಿ ತಿಳಿದಿರುವುದುಂಟು. ಎಂಜಿನಿನ ಗರ್ಜನೆ ದೂರದಿಂದಲೇ ಕಿವಿಗೆ ಬೀಳುತ್ತದೆ. ಗೆದ್ದ ಕಾರನ್ನು ಹೊಗಳುವಾಗ ಅದಕ್ಕೆ ಎಷ್ಟು ಅಶ್ವಶಕ್ತಿಯಿದ್ದಿತೆಂದು ಮೊದಲು ಕೇಳುತ್ತೇವೆ. ಆದರೆ ಆ ಶಕ್ತಿಯೆಲ್ಲವೂ ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ಮೂಲಕವಾಗಿಯೇ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಮೆ. ಸಾವಿರ ಕಿಲೋಗ್ರಾಂ ತೂಕವುಳ್ಳ ಒಂದು ಕಾರನ್ನು ತೆಗೆದುಕೊಳ್ಳೋಣ. ಒಂದೊಂದು ಚಕ್ರದ ಮೇಲೆಯೂ ಸುಮಾರು ೨೫೦ ಕಿಲೋಗ್ರಾಂ ಭಾರ ಬೀಳುತ್ತದೆ. ಟೈರಿನೊಳಗಣ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ ಎರಡೂವರೆ ಕಿಲೋಗ್ರಾಂ ಇದ್ದರೆ, ಆ ಭಾರವನ್ನು ಹೊರುವುದಕ್ಕಾಗಿ ನೆಲಕ್ಕೆ ತಗಲಿರುವ ಭಾಗವು ಸುಮಾರು ೧೦೦ ಚದರ ಸೆಂಟಿಮೀಟರು; ಎಂದರೆ ಹೆಚ್ಚು ಕಡಮೆ ಒಬ್ಬ ಮನುಷ್ಯನ ಅಂಗೈಯಷ್ಟು. ಕಾರಿನ ಓಟ, ನಿಲುಗಡೆ, ತಿರುವು, ಚಾಲಕನ ಪ್ರಾಣ ಇವೆಲ್ಲವೂ ನಾಲ್ಕು ಅಂಗೈಯಗಲದ ರಬ್ಬರನ್ನು ನಂಬಿಕೊಂಡಿವೆ.

ನಾವು ಈ ಹೊತ್ತು ವಿಚಾರಮಾಡಬೇಕೆಂದಿರುವುದು ಹಳೆಯ ಕಾಲದ ಪಂದ್ಯದ ಕಾರುಗಳನ್ನು ಕುರಿತು. ಇಂಗ್ಲೆಂಡಿನಲ್ಲಿ ೧೯೩೪ನೆಯ ಇಸವಿಯಲ್ಲಿ ‘ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್’ ಎಂಬ ಸಂಘವು ಹುಟ್ಟಿತು. ೧೯೩೧ಕ್ಕೆ ಹಿಂದೆ ತಯಾರಾದ ಕಾರುಗಳನ್ನು ಅದರ ಸದಸ್ಯರು ‘ವಿಂಟೇಜ್’ ಎಂದು ಕರೆದು, ಅವುಗಳನ್ನು ಪ್ರದರ್ಶನಕ್ಕೆ ಮಾತ್ರ ಮೀಸಲಾಗಿಡದೆ ಪಂದ್ಯಗಳಲ್ಲಿ ಓಡಿಸುತ್ತ ಬಂದಿದ್ದಾರೆ. ಅದೇ ದೇಶದ ಗುಡ್‌ವುಡ್ ಎಂಬಲ್ಲಿ ಮಹಾಯುದ್ಧದ ಕಾಲದ ವಿಮಾನದಾಣವೊಂದರ ಸುತ್ತಣ ರಸ್ತೆಯು ೧೯೪೮ರಲ್ಲಿ ಪಂದ್ಯದ ಹಾದಿಯಾಯಿತು. ೧೯೬೬ರಲ್ಲಿ ಅಲ್ಲಿ ಪಂದ್ಯಗಳು ನಿಂತುಹೋದವು. ೧೯೯೮ರಲ್ಲಿ ಅವು ಪುನಃ ಪ್ರಾರಂಭವಾದಾಗ, ಹಿಂದೆ ಆ ಹದಿನೆಂಟು ವರ್ಷಗಳ ಕಾಲ ಅಲ್ಲಿ ಓಡುತ್ತಿದ್ದಂತಹ ಕಾರುಗಳಿಗೆ ಮಾತ್ರವೇ ಪ್ರವೇಶವೆಂದು ಗೊತ್ತುಮಾಡಿದರು. ಹೀಗೆ ಅರುವತ್ತು, ಎಂಬತ್ತು, ನೂರು ವರ್ಷ ವಯಸ್ಸಾದ ಯಂತ್ರಗಳು ಇಂದಿಗೂ ಒಂದನ್ನೊಂದು ಬೆನ್ನಟ್ಟಿ ಓಡುತ್ತಿವೆ.

ಇಂತಹ ಕಾರಿಗೆ ಎಂತಹ ಟೈರನ್ನು ತೊಡಿಸಬೇಕು? ಅದರ ಸ್ಪ್ರಿಂಗು, ಷಾಕ್ ಅಬ್ಸಾರ್ಬರುಗಳನ್ನು ಹೇಗೆ ಅಣಿಮಾಡಬೇಕು? ಒಡನೆಯೇ ಹೊಳೆಯುವ ಉತ್ತರವೊಂದುಂಟು: ಅಂಗಡಿಯಲ್ಲಿ ದೊರೆಯುವ ಟೈರುಗಳಲ್ಲೆಲ್ಲ ಯಾವುದು ರಸ್ತೆಯನ್ನು ಅತಿ ಬಲವಾಗಿ ಹಿಡಿಯುತ್ತದೆಯೋ ಅದನ್ನು ಹಾಕಿ, ಕಾರು ಓಲಾಡದಂತೆ ಸ್ಪ್ರಿಂಗುಗಳನ್ನು ಬಿಗಿಗೊಳಿಸುವುದು. ಈ ಉತ್ತರವು ಹಳೆಯ ಕಾರಿನ ಮಟ್ಟಿಗೆ ಸಲ್ಲದು, ಅಷ್ಟೇ ಅಲ್ಲ, ಅಪಾಯಕರವಾದುದು ಎಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕ್ರಮವಾಗಿ ನೋಡೋಣ.

ಮೊದಲು ಟೈರಿನ ಪೂರ್ವೋತ್ತರವನ್ನು ಸ್ವಲ್ಪ ತಿಳಿಯಬೇಕು. ನಮ್ಮ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆಯನ್ನು ಹೊದಿಸುವುದು ಎಲ್ಲರೂ ಬಲ್ಲ ವಿಷಯ. ಆ ಪಟ್ಟೆಗೆ ಬದಲು ಗಾಳಿ ತುಂಬಿದ ಕೊಳವೆಯನ್ನು ಸುತ್ತಬಹುದೆಂದು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು ೧೮೪೫ರಲ್ಲಿಯೇ ಕಂಡುಹಿಡಿದು ಅದರ ಹಕ್ಕನ್ನು ನೋಂದಾಯಿಸಿದ್ದನು. ಅದು ಬಳಕೆಗೆ ಬರಲಿಲ್ಲ. ೧೮೮೮ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದೇ ಉಪಾಯವನ್ನು ಹೊಸದಾಗಿ ಯೋಚಿಸಿ ಸೈಕಲ್ಲಿಗೆ ಅಳವಡಿಸಿದ ಮೇಲೆಯೇ ಗಾಳಿಯ ಟೈರು ಲೋಕಪ್ರಸಿದ್ಧವಾಯಿತು. ೧೮೯೫ರ ಪ್ಯಾರಿಸ್-ಬೋರ್ಡೊ-ಪ್ಯಾರಿಸ್ ಪಂದ್ಯದಲ್ಲಿ ಮಿಷೆಲಿನ್ ಸೋದರರು ಗಾಳಿಯ ಟೈರುಗಳುಳ್ಳ ಕಾರನ್ನು ಓಡಿಸಿದರು. ದಾರಿಯುದ್ದಕ್ಕೂ ಟೈರುಗಳು ತೂತಾಗಿ ಅವರು ಬಹಳ ಹಿಂದೆ ಬಿದ್ದರೂ, ಮುಂದಿನ ಕಾಲ ಇಂತಹ ಟೈರಿನದೇ ಎಂಬುದು ಅಂದು ಖಚಿತವಾಯಿತು.

ಅಲ್ಲಿಂದ ಮುಂದೆ ಸುಮಾರು ಐವತ್ತು ವರ್ಷಗಳ ಕಾಲ ನಡೆದುಬಂದ ಟೈರಿನ ರಚನೆಗೆ ಕ್ರಾಸ್‌ಪ್ಲೈ ಎಂದು ಹೆಸರು. ರಬ್ಬರು ಸವರಿದ ನೂಲಿನ ಪದರಗಳನ್ನು, ಒಂದು ಪದರದ ನೂಲು ಬಲಕ್ಕೆ ಓರೆಯಾಗಿಯೂ ಮುಂದಿನದು ಎಡಕ್ಕೆ ಓರೆಯಾಗಿಯೂ ಬರುವಂತೆ, ಚಾಪೆಯ ಹೆಣಿಗೆಯ ಹಾಗೆ ಒಂದರ ಮೇಲೊಂದನ್ನು ಇಟ್ಟು ಇದನ್ನು ಮಾಡುತ್ತಾರೆ. ಎರಡನೆಯ ಬಗೆಯದು ರೇಡಿಯಲ್. ಇದರಲ್ಲಿ ನೂಲುಗಳು ಟೈರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡಲಾಗಿ ಹಾಯುತ್ತವೆ. ಅವುಗಳ ಮೇಲೆ ಸುತ್ತಲೂ ಗಟ್ಟಿಯಾದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಮಿಷೆಲಿನ್ ಸಂಸ್ಥೆಯವರು ೧೯೪೬ರಲ್ಲಿ ಇದರ ಹಕ್ಕನ್ನು ಪಡೆದು, ಕೆಲವೇ ವರ್ಷಗಳೊಳಗೆ ಮಾರಾಟಕ್ಕೆ ತಂದರು. ಇಂದು ನಮ್ಮ ರಸ್ತೆಗಳಲ್ಲಿ ಓಡಾಡುವ ಕಾರುಗಳೆಲ್ಲವೂ ಬಹುಮಟ್ಟಿಗೆ ರೇಡಿಯಲ್ ಟೈರುಗಳನ್ನೇ ತೊಟ್ಟಿವೆ.

ಈ ಎರಡು ಬಗೆಗಳಿಗಿರುವ ಭೇದವು ಪಂದ್ಯದ ತಿರುವಿನಲ್ಲಿ ಗೊತ್ತಾಗುತ್ತದೆ. ಕಾರು ತಿರುಗುವಾಗ, ಚಕ್ರವು ಯಾವ ಕಡೆಗೆ ಮುಖಮಾಡಿದೆಯೋ ಸರಿಯಾಗಿ ಅದೇ ಕಡೆಗೆ ಅದು ಸಾಗುವುದಿಲ್ಲ. ರಬ್ಬರು ಬಳುಕುವುದರಿಂದ ಚಕ್ರದ ಮುಖಕ್ಕೂ ಅದರ ನಿಜವಾದ ಹಾದಿಗೂ ನಡುವೆ ಒಂದು ಸಣ್ಣ ಕೋನ ಏರ್ಪಡುತ್ತದೆ. ಇದನ್ನು ಜಾರುಕೋನವೆಂದು ಕರೆಯೋಣ. ಕೋನ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತ ಹೋಗಿ, ಒಂದು ಎಲ್ಲೆಯನ್ನು ಮುಟ್ಟಿ, ಆಮೇಲೆ ಇಳಿಯುತ್ತದೆ. ರೇಡಿಯಲ್ ಟೈರಿನಲ್ಲಿ ಈ ಎಲ್ಲೆಯು ಸಣ್ಣ ಕೋನದಲ್ಲಿಯೇ ಬರುತ್ತದೆ. ಹಿಡಿತ ಹೆಚ್ಚು, ಆದರೆ ಬಿಟ್ಟರೆ ಥಟ್ಟನೆ ಬಿಡುತ್ತದೆ. ಕ್ರಾಸ್‌ಪ್ಲೈ ಟೈರಿನ ಎಲ್ಲೆಯು ದೊಡ್ಡ ಕೋನದಲ್ಲಿ ಬರುತ್ತದೆ. ಅದರ ಹಿಡಿತ ಕಡಮೆಯಾದರೂ ಅದು ಮೆಲ್ಲಮೆಲ್ಲನೆ ಸಡಿಲುತ್ತದೆ. ಕಾರು ಓರೆಯಾಗುತ್ತಿರುವುದು ಚಾಲಕನಿಗೆ ಆಸನದ ಮೂಲಕವೂ ಸ್ಟಿಯರಿಂಗಿನ ಮೂಲಕವೂ ಮುಂಚಿತವಾಗಿಯೇ ತಿಳಿಯುತ್ತದೆ. ಸರಿಪಡಿಸಿಕೊಳ್ಳಲು ಅವನಿಗೆ ಅವಕಾಶವಿರುತ್ತದೆ. ೧೯೫೦ರ ದಶಕದಲ್ಲಿ ಫಾಂಜಿಯೊ, ಸ್ಟರ್ಲಿಂಗ್ ಮಾಸ್ ಮೊದಲಾದ ಮಹಾಚಾಲಕರು ನಾಲ್ಕು ಚಕ್ರಗಳೂ ಒಂದಿಷ್ಟು ಜಾರುತ್ತಿರುವ ಹಾಗೆಯೇ ಕಾರನ್ನು ತಿರುವಿನಲ್ಲಿ ದಾಟಿಸುತ್ತಿದ್ದುದು ಇಂತಹ ಟೈರುಗಳ ಮೇಲೆ.

ಟೈರು ಸರಿಯಿಲ್ಲದಿದ್ದರೆ ಎಷ್ಟು ಒಳ್ಳೆಯ ಕಾರೂ ನಿಷ್ಪ್ರಯೋಜಕವೆಂಬುದಕ್ಕೆ ಚರಿತ್ರೆಯಲ್ಲಿ ಒಂದು ನಿದರ್ಶನವುಂಟು. ಎಟೋರ್ ಬುಗಾಟಿಯು ನಿರ್ಮಿಸಿದ ‘೩೫ನೆಯ ಮಾದರಿ’ಯ ಕಾರು ೧೯೨೪ರ ಆಗಸ್ಟಿನಲ್ಲಿ ಫ್ರಾನ್ಸಿನ ಲಿಯೋನ್ ನಗರದ ಗ್ರಾಂ ಪ್ರೀ ಪಂದ್ಯದಲ್ಲಿ ಮೊದಲ ಬಾರಿಗೆ ಓಡಿತು. ಅದರ ಮುಂದಿನ ಅಚ್ಚು ಒಳಗೆ ಪೊಳ್ಳಾಗಿದ್ದು, ಸ್ಪ್ರಿಂಗುಗಳು ಆ ಅಚ್ಚಿನಲ್ಲಿ ಮಾಡಿದ ಕಿಂಡಿಗಳ ಮೂಲಕ ಹಾಯುತ್ತಿದ್ದವು. ಚಕ್ರಗಳು ಅಲ್ಯೂಮಿನಿಯಂ ಎರಕದವು. ಬ್ರೇಕಿನ ಡ್ರಮ್ಮು ಚಕ್ರಕ್ಕೇ ಅಂಟಿಕೊಂಡಿತ್ತು. ತೂಕವಾದರೊ ಮುಕ್ಕಾಲು ಟನ್ನಿನಷ್ಟು ಮಾತ್ರ. ಇಷ್ಟಿದ್ದರೂ, ಆ ಪಂದ್ಯಕ್ಕೆಂದೇ ತಯಾರಿಸಿದ ಟೈರುಗಳ ರಬ್ಬರು ಸರಿಯಾಗಿ ಹದಗೊಂಡಿರಲಿಲ್ಲವಾಗಿ, ಓಟದ ನಡುವೆ ಮೇಲಣ ಪದರಗಳು ಕಿತ್ತುಬಂದವು. ಹೊಸ ಕಾರುಗಳು ಹಿಂದೆ ಬಿದ್ದವು. ಅದೇ ಮಾದರಿಯ ಕಾರುಗಳು ಒಳ್ಳೆಯ ಟೈರುಗಳನ್ನು ತೊಟ್ಟು, ಸಿಸಿಲಿ ದ್ವೀಪದ ಬೆಟ್ಟದ ದಾರಿಗಳಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೋ ಪಂದ್ಯವನ್ನು ೧೯೨೫ರಿಂದ ೧೯೨೯ರವರೆಗೆ ಒಂದೇ ಸಮನೆ ಐದು ವರ್ಷ ಗೆದ್ದವು.

ಹಾಗಾದರೆ ಹಿಡಿತ ಹೆಚ್ಚಿದಷ್ಟೂ ಒಳ್ಳೆಯದಲ್ಲವೆ ಎಂದು ಕೇಳಬಹುದು. ಇಲ್ಲಿ ಕೊಂಚ ಲೆಕ್ಕದ ಸಹಾಯ ಬೇಕು. ನಾವು ಮೊದಲು ಹೇಳಿದ ಸಾವಿರ ಕಿಲೋಗ್ರಾಮಿನ ಕಾರಿನ ಭಾರಕೇಂದ್ರವು ನೆಲದಿಂದ ೫೫ ಸೆಂಟಿಮೀಟರು ಎತ್ತರದಲ್ಲಿದೆಯೆಂದೂ, ಎಡಬಲದ ಚಕ್ರಗಳ ನಡುವಣ ಅಂತರವು ೧೩೦ ಸೆಂಟಿಮೀಟರೆಂದೂ ಭಾವಿಸೋಣ. ಹಳೆಯ ಕಾರುಗಳು ಎತ್ತರವಾಗಿಯೂ ಇಕ್ಕಟ್ಟಾಗಿಯೂ ಇರುತ್ತವೆಯಾದ್ದರಿಂದ ಈ ಅಳತೆ ಅಸಹಜವಲ್ಲ. ಕ್ರಾಸ್‌ಪ್ಲೈ ಟೈರು ಕಾರಿನ ತೂಕದ ಹತ್ತರಲ್ಲಿ ಏಳು ಪಾಲಿನಷ್ಟು ಬಲದಿಂದ ಪಕ್ಕಕ್ಕೆ ಹಿಡಿದರೆ, ತಿರುವಿನಲ್ಲಿ ಒಳಮಗ್ಗುಲ ಚಕ್ರಗಳಿಂದ ಹೊರಮಗ್ಗುಲ ಚಕ್ರಗಳಿಗೆ ಸುಮಾರು ೨೯೬ ಕಿಲೋಗ್ರಾಂ ಭಾರ ವರ್ಗವಾಗುತ್ತದೆ. ಒಳಗಿನ ಜೋಡಿಯ ಮೇಲೆ ೨೦೪, ಹೊರಗಿನ ಜೋಡಿಯ ಮೇಲೆ ೭೯೬ ಉಳಿಯುತ್ತವೆ. ಈಗ ಅದೇ ಕಾರಿಗೆ ತೂಕದಷ್ಟೇ ಬಲದಿಂದ ಹಿಡಿಯುವ ಮೆತುವಾದ ಹೊಸ ಟೈರನ್ನು ತೊಡಿಸೋಣ. ವರ್ಗವಾಗುವ ಭಾರ ೪೨೩. ಒಳಗಿನ ಜೋಡಿಯ ಮೇಲೆ ಉಳಿಯುವುದು ಕೇವಲ ೭೭ ಕಿಲೋಗ್ರಾಂ. ಹಿಡಿತವು ತೂಕದ ೧.೧೮ರಷ್ಟಾದಾಗ ಒಳಗಿನ ಚಕ್ರಗಳ ಮೇಲೆ ಭಾರವೇ ಇರುವುದಿಲ್ಲ, ಕಾರು ಮಗುಚಿಕೊಳ್ಳುತ್ತದೆ. ಹಿಡಿತ ಕಡಮೆಯಿದ್ದ ಕಾರು ಜಾರಿ ಹುಲ್ಲಿಗೆ ಇಳಿಯುತ್ತಿತ್ತು. ಹಿಡಿತ ಹೆಚ್ಚಿದ ಕಾರು ಉರುಳುವುದರ ಅಂಚಿನಲ್ಲಿದೆ. ತಲೆಯ ಮೇಲೆ ಕಂಬಿಯಾಗಲಿ ಸೊಂಟಕ್ಕೆ ಪಟ್ಟಿಯಾಗಲಿ ಇಲ್ಲದೆ ತೆರೆದ ಕಾರಿನಲ್ಲಿ ಕುಳಿತಿರುವವನಿಗೆ ಈ ಎರಡಕ್ಕೂ ಇರುವ ಅಂತರ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಹಿಡಿತವು ಭಾರಕ್ಕೆ ಸಮಪ್ರಮಾಣವೆಂದು ಸ್ಥೂಲವಾಗಿ ಇಟ್ಟುಕೊಂಡರೆ, ಹೊರಗಿನ ಎರಡು ಚಕ್ರಗಳ ಮೇಲೆ ಬೀಳುವ ಪಕ್ಕದ ಒತ್ತು ಮೊದಲನೆಯ ಸಂದರ್ಭದಲ್ಲಿ ೫೫೭ ಕಿಲೋಗ್ರಾಂ, ಎರಡನೆಯದರಲ್ಲಿ ೯೨೩. ಟೈರಿನ ಹಿಡಿತ ಹೆಚ್ಚಿದ್ದು ಅರ್ಧಕ್ಕಿಂತ ಕಡಮೆ. ಹೊರಚಕ್ರಗಳ ಮೇಲಣ ಒತ್ತು ಹೆಚ್ಚಿದ್ದು ಮೂರರಲ್ಲಿ ಎರಡು ಪಾಲು. ಈ ಒತ್ತನ್ನು ಹೊರುವವರು ಯಾರು? ಚಕ್ರದ ಕಡ್ಡಿಗಳು, ಗುಂಬ, ಅಚ್ಚಿನ ತುದಿ, ಕಿಂಗ್ ಪಿನ್ನು, ಸ್ಪ್ರಿಂಗಿನ ಕೊಂಡಿ, ಕೊನೆಗೆ ಚಾಸಿಯೆಂಬ ಉಕ್ಕಿನ ಚೌಕಟ್ಟು. ಇವನ್ನೆಲ್ಲ ನಿರ್ಮಿಸಿದವರು ಅಂದಿನ ಟೈರಿನ ಹಿಡಿತವನ್ನು ಮನಸ್ಸಿನಲ್ಲಿಟ್ಟುಕೊಂಡು ಗಾತ್ರವನ್ನು ಗೊತ್ತುಮಾಡಿದರು. ಮೇಲಾಗಿ ಆ ಉಕ್ಕು ಈಗ ಎಳೆಯದಲ್ಲ. ಒಂದೇ ಭಾರವನ್ನು ಲಕ್ಷಾಂತರ ಸಾರಿ ಹೊತ್ತಿಳಿಸಿದ ಉಕ್ಕು, ಒಂದು ಸಾರಿಗೆ ಸುಲಭವಾಗಿ ಹೊರಬಲ್ಲ ಭಾರಕ್ಕೇ ಬಿರುಕುಬಿಡುತ್ತದೆಂಬುದನ್ನು ಜರ್ಮನಿಯ ಆಗಸ್ಟ್ ವೋಲರ್ ಎಂಬ ಎಂಜಿನಿಯರನು ರೈಲುಬಂಡಿಗಳ ಅಚ್ಚುಗಳನ್ನು ಪರೀಕ್ಷಿಸಿ ೧೮೬೦ರ ದಶಕದಲ್ಲಿಯೇ ತೋರಿಸಿಕೊಟ್ಟನು. ಇದನ್ನು ಲೋಹದ ಬಳಲಿಕೆ ಎನ್ನುತ್ತಾರೆ. ಒತ್ತು ಹತ್ತರಲ್ಲಿ ಒಂದು ಪಾಲು ಹೆಚ್ಚಿದರೂ ಭಾಗದ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯಬಹುದು. ಮೂರರಲ್ಲಿ ಎರಡು ಪಾಲು ಹೆಚ್ಚಿದರೆ ಆಗುವುದೇನೆಂಬುದನ್ನು ಊಹಿಸಿಕೊಳ್ಳಬಹುದು. ಹಿಡಿತವೆಂಬುದು ಸಾಲದ ಹಣವಿದ್ದಂತೆ. ಪಡೆಯುವವನು ಟೈರು; ತೀರಿಸಬೇಕಾದುದು ಅಚ್ಚು.

ಹಿಂದಿನ ನಿರ್ಮಾಪಕರು ಈ ನಿಯಮವನ್ನು ಚೆನ್ನಾಗಿ ಬಲ್ಲವರಾಗಿದ್ದರು. ೧೯೫೩ರ ಲ ಮಾನ್ಸ್ ಪಂದ್ಯವನ್ನು ಗೆದ್ದ ಜಾಗ್ವಾರ್ ಸಂಸ್ಥೆಯ ‘ಸಿ’ ಮಾದರಿಗೆ ಕಡ್ಡಿಯ ಚಕ್ರಗಳಿದ್ದವು. ಮರುವರ್ಷ ಬಂದ ‘ಡಿ’ ಮಾದರಿಯಲ್ಲಿ ಕಡ್ಡಿಗಳು ಹೋಗಿ ಹಗುರಲೋಹದ ತಟ್ಟೆಯಂತಹ ಚಕ್ರಗಳು ಬಂದವು. ಚಾಲಕನು ಕುಳಿತುಕೊಳ್ಳುವ ನಡುಭಾಗವು ಕಂಬಿಗಳ ಚೌಕಟ್ಟಾಗಿರದೆ ತಗಡಿನ ಗಟ್ಟಿಯಾದ ತೊಟ್ಟಿಯಂತಾಯಿತು. ವೇಗ, ಬ್ರೇಕು, ಹಿಡಿತ ಇವು ಹೆಚ್ಚಿದಂತೆಲ್ಲ ಚಕ್ರವನ್ನೂ ಮೈಯನ್ನೂ ಬಲಪಡಿಸುತ್ತ ಹೋದರು. ನಾವು ೧೯೨೮ರ ಕಾರಿನಲ್ಲಿ ಉಳಿದುದೆಲ್ಲವನ್ನೂ ಇದ್ದ ಹಾಗೆಯೇ ಇಟ್ಟು ಟೈರನ್ನು ಮಾತ್ರ ಹೊಸ ಕಾಲಕ್ಕೆ ತಂದರೆ, ಸರಪಣಿಯ ಒಂದು ಕೊಂಡಿಯನ್ನು ಮಾತ್ರ ದಪ್ಪಮಾಡಿದಂತಾಗುತ್ತದೆ. ಹಳೆಯ ಕಾರುಗಳ ಪಂದ್ಯಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ನಿಯಮಾವಳಿಯು ಯಾವ ಯಾವ ಕಾಲದ ಕಾರಿಗೆ ಎಂತೆಂತಹ ಟೈರು ಎಂಬುದನ್ನು ನಿರ್ಣಯಿಸಿರುವುದು ಈ ದೃಷ್ಟಿಯಿಂದ ವಿವೇಕದ ಕೆಲಸವೇ ಸರಿ. ಹಳೆಯ ಅಚ್ಚಿನ ನಮೂನೆಯ ಕ್ರಾಸ್‌ಪ್ಲೈ ಪಂದ್ಯದ ಟೈರುಗಳನ್ನು ಇಂದಿಗೂ ಹೊಸದಾಗಿ ತಯಾರಿಸುತ್ತಿರುವುದರಿಂದ ಈ ನಿಯಮವನ್ನು ಪಾಲಿಸುವುದು ಕಷ್ಟವೂ ಅಲ್ಲ.

ಇನ್ನು ಸ್ಪ್ರಿಂಗುಗಳ ಕಡೆಗೆ ತಿರುಗೋಣ. ಮೈಸೂರಿನ ಜಟಕಾ ಬಂಡಿಯನ್ನು ನೋಡಿದವರಿಗೆ ಪಟ್ಟಿ ಸ್ಪ್ರಿಂಗು ಹೊಸದಲ್ಲ. ಉಕ್ಕಿನ ಬಾಗಿದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಮಾಡಿರುತ್ತಾರೆ. ೧೯೩೦ಕ್ಕೆ ಹಿಂದಣ ಕಾರುಗಳು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿವೆ. ಎಡಬಲದ ಚಕ್ರಗಳೆರಡನ್ನೂ ಒಂದೇ ಗಟ್ಟಿಯಾದ ಅಚ್ಚು ಕೂಡಿಸಿರುತ್ತದೆ. ಇದು ಹಳೆಯ ಏರ್ಪಾಡೆಂದು ಹಳಿಯುವುದು ಸುಲಭ. ಆದರೆ ಇದರಲ್ಲಿ ಒಂದು ಗುಣವುಂಟು. ಕಾರಿನ ಮೈ ಒಂದು ಕಡೆಗೆ ವಾಲಿದರೂ ಅಚ್ಚು ವಾಲುವುದಿಲ್ಲವಾದ್ದರಿಂದ ಚಕ್ರಗಳು ನೆಟ್ಟಗೆ ನಿಂತಿರುತ್ತವೆ. ಕ್ರಾಸ್‌ಪ್ಲೈ ಟೈರಿಗೆ ಬೇಕಾದುದೂ ಇದೇ. ಹೊಸ ರೇಡಿಯಲ್ ಟೈರಾದರೋ ಚಕ್ರದ ತಲೆ ಸ್ವಲ್ಪ ಒಳಕ್ಕೆ ಬಾಗಿರುವುದನ್ನು ಬಯಸುತ್ತದೆ. ಹಳೆಯ ಅಚ್ಚಿನಲ್ಲಿ ಹಾಗೆ ಬಾಗಿಸುವ ಉಪಾಯವೇ ಇಲ್ಲ. ಆ ಕಾಲದ ಟೈರೂ ಆ ಕಾಲದ ಅಚ್ಚೂ ಒಂದಕ್ಕೊಂದು ಹೊಂದಿಕೊಂಡೇ ಬೆಳೆದವು.

ಸ್ಪ್ರಿಂಗನ್ನು ಎಷ್ಟು ಗಡುಸು ಮಾಡಬೇಕು? ೧೯೦೭ರಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಹಾದಿಯ ಕಾಂಕ್ರೀಟು ಬಹಳ ಏರುತಗ್ಗಾಗಿದ್ದಿತು. ಅಲ್ಲಿ ಓಡಿಸುತ್ತಿದ್ದವರು ಸ್ಪ್ರಿಂಗಿನ ಪಟ್ಟಿಗಳ ಸುತ್ತಲೂ ಹುರಿಹಗ್ಗವನ್ನು ಬಿಗಿಯಾಗಿ ಸುತ್ತಿ ಗಡುಸುಮಾಡುತ್ತಿದ್ದುದುಂಟು. ಅತಿವೇಗದಲ್ಲಿ ಕಾರು ನೆಗೆಯದಂತಿರಲು ಅದು ಅಲ್ಲಿಗೆ ಸಲ್ಲುತ್ತಿತ್ತು. ಆದರೆ ಸಾಮಾನ್ಯವಾದ ತಿರುವುಗಳ ಹಾದಿಯಲ್ಲಿ ಒಂದು ಮಾತನ್ನು ನೆನಪಿನಲ್ಲಿಡಬೇಕು. ಹಳೆಯ ಕಾರಿನ ಚಾಸಿಯು ಎರಡು ಉದ್ದ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಸೇರಿಸಿದ ಏಣಿಯಂತಹುದು. ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಸ್ಪ್ರಿಂಗು ಚಾಸಿಗಿಂತ ಗಡುಸಾದರೆ, ಚಕ್ರ ಏಳುವಾಗ ಬಾಗುವುದು ಸ್ಪ್ರಿಂಗಲ್ಲ, ಚಾಸಿಯೇ. ಸ್ಪ್ರಿಂಗಿನ ಕುಣಿತವನ್ನು ಅಡಗಿಸಲು ಷಾಕ್ ಅಬ್ಸಾರ್ಬರಿದೆ. ಚಾಸಿಯ ಕುಣಿತವನ್ನು ಅಡಗಿಸಲು ಏನೂ ಇಲ್ಲ. ಕಾರು ತಿರುವಿನಲ್ಲಿ ಕಪ್ಪೆಯಂತೆ ಕುಪ್ಪಳಿಸತೊಡಗುತ್ತದೆ, ರಿವೆಟ್ಟುಗಳು ಸಡಿಲುತ್ತವೆ, ಮೂಲೆಗಳಲ್ಲಿ ಬಿರುಕು ಮೂಡುತ್ತದೆ. ಆದುದರಿಂದ ಹಳೆಯ ಕಾರಿನ ಸ್ಪ್ರಿಂಗು ತನ್ನ ಕೆಲಸವನ್ನು ತಾನು ಮಾಡುವಷ್ಟು ಮೃದುವಾಗಿರಲೇಬೇಕು. ಪಟ್ಟಿಗಳ ನಡುವೆ ತುಕ್ಕು ಹಿಡಿದಿದ್ದರೆ ಬಿಚ್ಚಿ ತಿಕ್ಕಿ ಕೀಲೆಣ್ಣೆ ಹಚ್ಚುವುದು ಹೊಸ ಸ್ಪ್ರಿಂಗನ್ನು ಕೊಳ್ಳುವುದಕ್ಕಿಂತ ಮೊದಲು ಮಾಡತಕ್ಕ ಕೆಲಸ.

ಆ ಕಾಲದ ಷಾಕ್ ಅಬ್ಸಾರ್ಬರುಗಳಲ್ಲಿ ಹೆಸರಾದುದು ಹಾರ್ಟ್‌ಫರ್ಡ್ ಎಂಬ ಉಜ್ಜುವ ಬಗೆಯದು. ಕತ್ತರಿಯಂತಿರುವ ಎರಡು ತೋಳುಗಳ ನಡುವೆ ಬಿಲ್ಲೆಗಳನ್ನಿಟ್ಟು ನಡುವಣ ನಟ್ಟನ್ನು ಬಿಗಿದರೆ, ತೋಳುಗಳು ಅಲುಗುವಾಗ ಬಿಲ್ಲೆಗಳು ಒಂದನ್ನೊಂದು ಉಜ್ಜಿ ಕುಣಿತವನ್ನು ತಡೆಯುತ್ತವೆ. ಈ ಏರ್ಪಾಡಿನ ದೋಷವೇನೆಂದರೆ, ಅದು ಅಲುಗಲು ಪ್ರಾರಂಭಿಸುವುದಕ್ಕೇ ಹೆಚ್ಚು ಬಲ ಬೇಕು. ಎಣ್ಣೆಯ ಷಾಕ್ ಅಬ್ಸಾರ್ಬರು ನಿಧಾನವಾದ ಅಲುಗಾಟಕ್ಕೆ ಮೃದುವಾಗಿಯೂ ವೇಗದ ಅಲುಗಾಟಕ್ಕೆ ಗಡುಸಾಗಿಯೂ ವರ್ತಿಸುತ್ತದೆ. ಉಜ್ಜುವ ಬಗೆಯದು ಸಣ್ಣ ಉಬ್ಬನ್ನು ನುಂಗದೆ ಚಾಸಿಗೆ ದಾಟಿಸಿಬಿಡುತ್ತದೆ. ಅತಿಯಾಗಿ ಬಿಗಿದರೆ ಸ್ಪ್ರಿಂಗು ಇದ್ದೂ ಇಲ್ಲದಂತೆ. ನಟ್ಟನ್ನು ಕೈಯಂದಾಜಿನ ಮೇಲೆ ಬಿಗಿಯಬಾರದು. ತೋಳಿನ ತುದಿಗೆ ಸ್ಪ್ರಿಂಗು ತಕ್ಕಡಿಯನ್ನು ಸಿಕ್ಕಿಸಿ ಎಳೆದು, ತೋಳು ಕದಲುವುದಕ್ಕೆ ಎಷ್ಟು ತೂಕ ಬೇಕೆಂದು ಓದಿಕೊಂಡು, ಎಡಬಲಗಳನ್ನು ಸಮಮಾಡಿ, ಆ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಬೇಕು.

ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಸಮತೂಕವು ಇನ್ನೊಂದು ಮುಖ್ಯ ವಿಷಯ. ೧೯೩೦ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರನೂ ಅವನ ಸಂಗಡಿಗರೂ ಇದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದರು. ತತ್ತ್ವವು ಸರಳವಾದುದು. ಟೈರಿನ ಮೇಲಣ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ; ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಉದಾಹರಣೆಗಾಗಿ ಹೀಗೆ ಇಟ್ಟುಕೊಳ್ಳೋಣ: ೨೫೦ ಕಿಲೋಗ್ರಾಂ ಭಾರದಲ್ಲಿ ಒಂದು ಟೈರು ೨೦೦ರಷ್ಟು ಹಿಡಿದರೆ, ೪೦೦ರಲ್ಲಿ ೨೮೦, ೧೦೦ರಲ್ಲಿ ೯೦ ಹಿಡಿಯುತ್ತದೆ. ಸಮಭಾರದ ಜೋಡಿಯ ಒಟ್ಟು ಹಿಡಿತ ೪೦೦. ಭಾರ ಒಂದೇ ಕಡೆಗೆ ಸರಿದ ಜೋಡಿಯ ಒಟ್ಟು ೩೭೦ ಮಾತ್ರ. ಆದುದರಿಂದ ಯಾವ ಅಚ್ಚಿನ ಸ್ಪ್ರಿಂಗುಗಳು ಹೆಚ್ಚು ಗಡುಸೋ ಆ ಅಚ್ಚಿನಲ್ಲಿಯೇ ಭಾರದ ವರ್ಗಾವಣೆ ಹೆಚ್ಚಾಗಿ, ಅದೇ ಮೊದಲು ಜಾರುತ್ತದೆ. ಮುಂದಿನದು ಗಡುಸಾದರೆ ಕಾರು ತಿರುಗದೆ ನೇರವಾಗಿ ಹೊರಗಡೆಗೆ ಸಾಗುತ್ತದೆ. ಹಿಂದಿನದು ಗಡುಸಾದರೆ ಬಾಲ ಬೀಸಿ ಬುಗುರಿಯಂತೆ ಸುತ್ತುತ್ತದೆ. ಇವೆರಡರ ನಡುವೆ, ಮುಂಭಾಗವು ಒಂದು ಕೂದಲೆಳೆಯಷ್ಟು ಮೊದಲು ಜಾರುವ ಹಾಗೆ ಅಣಿಮಾಡುವುದು ಬಹುಮಂದಿ ಚಾಲಕರಿಗೆ ಕ್ಷೇಮ.

ಈ ಹೊಂದಾಣಿಕೆಗೆ ಸ್ಪ್ರಿಂಗನ್ನು ಬದಲಿಸಬೇಕಾದುದೇ ಅಪರೂಪ; ಟೈರಿನ ಗಾಳಿಯೇ ಸಾಕು. ಕ್ರಾಸ್‌ಪ್ಲೈ ಟೈರುಗಳಿಗೆ, ಕಾರಿನ ತೂಕವನ್ನನುಸರಿಸಿ, ಚದರ ಅಂಗುಲಕ್ಕೆ ೩೦ರಿಂದ ೪೫ ಪೌಂಡುಗಳ ಒತ್ತಡವು ವಾಡಿಕೆ. ಟೈರು ತಣ್ಣಗಿರುವಾಗ ಅಳೆದು ಬರೆದುಕೊಂಡು, ನಾಲ್ಕಾರು ಸುತ್ತು ಓಡಿಸಿ, ಬಿಸಿಯಿರುವಾಗಲೇ ಮತ್ತೊಮ್ಮೆ ಅಳೆಯಬೇಕು. ಟೈರಿನ ಒಳ ಅಂಚು, ನಡು, ಹೊರ ಅಂಚು ಈ ಮೂರು ಕಡೆಗಳ ಶಾಖವನ್ನೂ ನೋಡಬೇಕು. ನಡುವೆ ಹೆಚ್ಚು ಬಿಸಿಯಾಗಿದ್ದರೆ ಗಾಳಿ ಅತಿಯಾಗಿದೆ. ಎರಡು ಅಂಚುಗಳೂ ಬಿಸಿಯಾಗಿದ್ದು ನಡು ತಣ್ಣಗಿದ್ದರೆ ಗಾಳಿ ಸಾಲದು. ಮುಂದೆ ಎರಡು ಪೌಂಡು, ಹಿಂದೆ ಎರಡು ಪೌಂಡು ಹೆಚ್ಚುಕಡಮೆ ಮಾಡಿದರೆ ಕಾರಿನ ಸ್ವಭಾವ ಬದಲಾಗುವುದು ಸ್ಪಷ್ಟವಾಗಿ ತಿಳಿಯುತ್ತದೆ. ಒಂದು ಸಾರಿಗೆ ಒಂದೇ ಬದಲಾವಣೆ ಎಂಬುದು ಇಲ್ಲಿಯ ಮೊದಲ ನಿಯಮ. ಗಾಳಿಯನ್ನೂ ನಟ್ಟನ್ನೂ ಕೂಡಿಯೇ ತಿರುಗಿಸಿದವನಿಗೆ ಯಾವುದರಿಂದ ಏನಾಯಿತೆಂಬುದು ಎಂದಿಗೂ ತಿಳಿಯದು.

ಕೆಲಸದ ಕ್ರಮವನ್ನು ಹೇಳುವುದಾದರೆ, ಮೊದಲು ನೋಡಬೇಕಾದುದು ಭದ್ರತೆ. ಚಕ್ರವನ್ನು ಎತ್ತಿ ಅಲುಗಿಸಿ ಕಿಂಗ್ ಪಿನ್ನಿನ ಸಡಿಲವನ್ನು ಪರೀಕ್ಷಿಸಬೇಕು. ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಅವುಗಳ ಸ್ವರವನ್ನು ಕೇಳಬೇಕು, ಸಡಿಲವಾದುದು ಮಂಕಾಗಿ ಸದ್ದುಮಾಡುತ್ತದೆ. ಅಚ್ಚಿನ ತುದಿಗಳನ್ನು ಬಣ್ಣದ ದ್ರವದಿಂದಲೋ ಅಯಸ್ಕಾಂತದ ವಿಧಾನದಿಂದಲೋ ಬಿರುಕಿಗಾಗಿ ಶೋಧಿಸಬೇಕು. ಎರಡನೆಯದು ಜೋಡಣೆ. ಮುಂದಿನ ಚಕ್ರಗಳ ಮುಖ ಒಂದಿಷ್ಟು ಒಳಕ್ಕೆ ತಿರುಗಿರುವಂತೆ ಅಡ್ಡಕಂಬಿಯನ್ನು ಸರಿಪಡಿಸಬೇಕು. ಕಿಂಗ್ ಪಿನ್ನಿನ ಹಿಮ್ಮುಖವಾದ ಓಟವನ್ನು, ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಬೆಣೆಯನ್ನಿಟ್ಟು ಹೊಂದಿಸಬೇಕು. ಮೂರನೆಯದು ನಾಲ್ಕು ಚಕ್ರಗಳ ಕೆಳಗೂ ತೂಕದ ಯಂತ್ರಗಳನ್ನಿಟ್ಟು, ಚಾಲಕನು ಕುಳಿತಿರುವಾಗ ಭಾರದ ಹಂಚಿಕೆಯನ್ನು ನೋಡುವುದು. ಇವಿಷ್ಟೂ ಆದಮೇಲೆ ಟೈರಿನ ಗಾಳಿ. ಎಲ್ಲಕ್ಕೂ ಕೊನೆಯಲ್ಲಿ ಷಾಕ್ ಅಬ್ಸಾರ್ಬರಿನ ನಟ್ಟು. ಮಳೆಯ ದಿನ ಹಿಡಿತವೇ ಕಡಮೆಯಾದ್ದರಿಂದ, ಆ ನಟ್ಟುಗಳನ್ನು ಕೊಂಚ ಸಡಿಲಿಸಿ ಕಾರು ಸ್ವಲ್ಪ ವಾಲಲು ಬಿಡುವುದು ಒಳ್ಳ‌ೆಯದು.

ಟೈರಿನ ರಬ್ಬರನ್ನು ಕುರಿತು ಒಂದೆರಡು ಮಾತು ಉಳಿದಿವೆ. ಮೆತುವಾದ ರಬ್ಬರು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಡುಸಾದುದು ಬಾಳುತ್ತದೆ, ಜಾರುತ್ತದೆ. ೧೯೫೭ರ ಆಗಸ್ಟಿನಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗಿನಲ್ಲಿ ಫಾಂಜಿಯೊ ಮೆತುವಾದ ಟೈರುಗಳನ್ನೂ ಅರ್ಧ ತೊಟ್ಟಿ ಪೆಟ್ರೋಲನ್ನೂ ಆರಿಸಿಕೊಂಡು, ನಡುವೆ ನಿಂತು ಟೈರು ಬದಲಿಸಿ ಹಿಂದೆ ಬಿದ್ದು, ಗಡುಸಾದ ಟೈರುಗಳಲ್ಲಿ ನಿಲ್ಲದೆ ಓಡುತ್ತಿದ್ದ ಎದುರಾಳಿಗಳನ್ನು ಮತ್ತೆ ಹಿಡಿದು, ನಾಲ್ಕು ಸೆಕೆಂಡಿಗೂ ಕಡಮೆ ಅಂತರದಿಂದ ಗೆದ್ದನು. ಹೊಸ ರಬ್ಬರಿನ ವಿಷಯದಲ್ಲಿ ಇಂತಹ ಆಯ್ಕೆಗೆ ಅವಕಾಶವುಂಟು; ವಯಸ್ಸಾದ ರಬ್ಬರಿನ ವಿಷಯದಲ್ಲಿ ಆಯ್ಕೆಯೇ ಇಲ್ಲ. ವರ್ಷಗಳು ಕಳೆದಂತೆ ಬಿಸಿಲು ಗಾಳಿಗಳಿಂದ ರಬ್ಬರು ಒಳಗೊಳಗೇ ಗಡುಸಾಗುತ್ತದೆ. ಮೇಲಣ ಗೀರುಗಳು ಆಳವಾಗಿಯೇ ಉಳಿದು, ನೋಡುವುದಕ್ಕೆ ಟೈರು ಹೊಸದರಂತೆಯೇ ಇರಬಹುದು; ಆದರೆ ಅದರ ಹಿಡಿತವೂ ಹೋಗಿದೆ, ನೂಲಿನ ಬಲವೂ ಹೋಗಿದೆ. ೨೦೦೦ದಿಂದ ಈಚೆಗೆ ತಯಾರಾದ ರಸ್ತೆಯ ಟೈರುಗಳ ಮಗ್ಗುಲಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಿಗಳಿರುತ್ತವೆ. ೨೩೧೯ ಎಂದಿದ್ದರೆ ೨೦೧೯ನೆಯ ವರ್ಷದ ೨೩ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಕೊಳ್ಳುವ ಮೊದಲು ಇದನ್ನು ಓದಿಕೊಳ್ಳಬೇಕು.

ಟೈರುಗಳನ್ನು ಬೆರಸುವುದೂ ಅಪಾಯಕ್ಕೆ ದಾರಿ. ಮುಂದೆ ರೇಡಿಯಲ್ಲನ್ನೂ ಹಿಂದೆ ಕ್ರಾಸ್‌ಪ್ಲೈಯನ್ನೂ ಹಾಕಿದರೆ, ಮುಂಭಾಗ ಬಿಗಿಯಾಗಿ ಹಿಡಿದುಕೊಂಡು ಹಿಂಭಾಗ ಜಾರಿ ಕಾರು ಗಿರ್ರನೆ ಸುತ್ತುತ್ತದೆ. ಬ್ರಿಟನ್ನಿನಲ್ಲಿ ಹೀಗೆ ಮಾಡುವುದು ಸಾಮಾನ್ಯ ರಸ್ತೆಯಲ್ಲಿಯೂ ಕಾನೂನಿಗೆ ವಿರುದ್ಧ.

ನಮ್ಮ ನಾಡಿನಲ್ಲಿ ಇಂತಹ ಪಂದ್ಯಗಳು ವಿರಳ. ಮದರಾಸಿನ ಬಳಿ ಷೋಲಾವರದ ಹಳೆಯ ವಿಮಾನದಾಣದಲ್ಲಿ ೧೯೫೦ರ ದಶಕದಿಂದ ಹಲವು ವರ್ಷ ಮೋಟಾರು ಪಂದ್ಯಗಳು ನಡೆದುದು ಹಲವರಿಗೆ ನೆನಪಿರಬಹುದು. ಹಳೆಯ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವ ಮನೆಗಳು ಮಾತ್ರ ಬೆಂಗಳೂರು ಮೈಸೂರುಗಳಲ್ಲಿ ಇಂದಿಗೂ ಉಂಟು. ಪಂದ್ಯದ ಬಯಕೆಯಿಲ್ಲದಿದ್ದರೂ, ಮೆರವಣಿಗೆಗೆಂದು ಕಾರನ್ನು ಹೊರತೆಗೆಯುವವರಿಗೂ ಮೇಲಿನ ಮಾತುಗಳು ಅನ್ವಯಿಸುತ್ತವೆ. ಇಪ್ಪತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತು ಒಂದೇ ಕಡೆ ಚಪ್ಪಟೆಯಾದ ಟೈರು ಹೆದ್ದಾರಿಯ ಬಿಸಿಲಿನಲ್ಲಿ ಸಿಡಿದರೆ ಆಗುವ ಕೇಡು ಪಂದ್ಯದ ಕೇಡಿಗಿಂತ ಕಡಮೆಯದಲ್ಲ.

ಹಳೆಯ ಕಾರಿಗೆ ತಕ್ಕ ಟೈರು ಯಾವುದೆಂಬುದಕ್ಕೆ ಈಗ ಉತ್ತರ ಹೇಳಬಹುದು. ಅದು ಆ ಕಾರಿನ ಕಾಲಕ್ಕೆ ಸೇರಿದ ರಚನೆಯದು, ನಮ್ಮ ಕಾಲದಲ್ಲಿ ಹೊಸದಾಗಿ ತಯಾರಾದುದು, ಬಿಡುವುದಕ್ಕೆ ಮೊದಲು ಎಚ್ಚರಿಕೆ ಕೊಡುವಂತಹುದು. ಅದನ್ನು ಮೊದಲು ಆರಿಸಿಕೊಂಡು, ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರುಗಳನ್ನು ಅದಕ್ಕೆ ಹೊಂದಿಸಬೇಕು. ಹೀಗೆ ಮಾಡಿದ ಕಾರು ಒಂದು ಸುತ್ತಿಗೆ ಕೆಲವು ಸೆಕೆಂಡು ಹಿಂದೆ ಬೀಳಬಹುದು. ಆದರೆ ಅದು ತನ್ನನ್ನು ನಿರ್ಮಿಸಿದವರು ಬಯಸಿದ ರೀತಿಯಲ್ಲಿಯೇ ಓಡುತ್ತದೆ. ಅಂದಿನ ಚಾಲಕನ ಕೌಶಲ ಎಂತಹುದೆಂದು ಇಂದಿನವನಿಗೆ ತಿಳಿಸಿಕೊಡುತ್ತದೆ. ಸಂಜೆಗೆ ಕಾರೂ ಚಾಲಕನೂ ಕ್ಷೇಮವಾಗಿ ಮನೆ ಸೇರಿ, ಮುಂದಿನ ತಲೆಮಾರಿನವರ ಕಣ್ಣಿಗೂ ಕಾಣುವಂತೆ ಉಳಿಯುತ್ತಾರೆ.